ಪುರಸಭೆಯ ಜಮಾ–ಖರ್ಚು ಓದುವುದು ಹೇಗೆ?

ಪುರಸಭೆಯ ಸಾಮಾನ್ಯ ಸಭೆಗೆ ಒಂದು ವಿಷಯ ಪಟ್ಟಿ ಇರುತ್ತದೆ. ಸೈಕ್ಲೋಸ್ಟೈಲ್ ಹೋಗಿ ಜೆರಾಕ್ಸ್ ಬಂತು, ಜೆರಾಕ್ಸ್ ಹೋಗಿ ವಾಟ್ಸ್‌ಆ್ಯಪ್ ಪಿಡಿಎಫ್ ಬಂತು. ಆದರೆ ಪಟ್ಟಿಯ ಮೊದಲ ಎರಡು ಸಾಲು ಬದಲಾದದ್ದನ್ನು ನಾನಂತೂ ಕಂಡಿಲ್ಲ. ಒಂದು, ‘ಹಿಂದಿನ ಸಭೆಯ ನಡವಳಿಗಳನ್ನು ಓದಿ ದೃಢೀಕರಿಸುವ ಬಗ್ಗೆ’. ಎರಡು, ‘ಇಂತಿಂಥ ಮಾಹೆಯ ಜಮಾ–ಖರ್ಚು ಓದಿ ಅಂಗೀಕರಿಸುವ ಬಗ್ಗೆ’.

ಈ ಎರಡು ವಿಷಯ ಮುಗಿಯಲು ಎಷ್ಟು ಹೊತ್ತು ಬೇಕು? ತಾಲ್ಲೂಕು ಕೇಂದ್ರವೊಂದರಲ್ಲಿ ಪತ್ರಕರ್ತರ ಬೆಂಚಿನ ಮೇಲೆ ಕೂತಿದ್ದಾಗ ಒಮ್ಮೆ ಗಮನವಿಟ್ಟು ನೋಡಿದ್ದೆ. ಗುಮಾಸ್ತರು ಎದ್ದು ‘ಜಮಾ–ಖರ್ಚು’ ಎಂದರು. ಹಿಂದಿನ ಸಾಲಿನಿಂದ ಯಾರೋ ‘ಓದಿದ್ದಾಯ್ತು ಅಂತ ಬರ್ಕೊಳ್ರೀ’ ಎಂದರು. ಅಧ್ಯಕ್ಷರು ‘ಅಂಗೀಕಾರ’ ಎಂದರು. ಚಹಾದ ತಟ್ಟೆ ಇನ್ನೂ ಮೂರನೇ ಸಾಲು ಮುಟ್ಟಿರಲಿಲ್ಲ. ಆಮೇಲೆ ಬೀದಿನಾಯಿಗಳ ವಿಷಯಕ್ಕೆ ಮುಕ್ಕಾಲು ಗಂಟೆ ಜಗಳ ನಡೆಯಿತು, ಒಬ್ಬ ಸದಸ್ಯರು ಬಾವಿಗಿಳಿದು ಕೂತರು. ಮರುದಿನ ನಾನೂ ಸೇರಿದಂತೆ ಎಲ್ಲರೂ ನಾಯಿ ಸುದ್ದಿಯನ್ನೇ ಬರೆದೆವು. ಆ ತಿಂಗಳ ಜಮಾ–ಖರ್ಚಿನಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಊರಿನ ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎನ್ನುವುದೆಲ್ಲ ಆ ಎರಡನೇ ಸಾಲಿನೊಳಗಿದೆ. ಅದನ್ನು ಓದಲು ಲೆಕ್ಕಪರಿಶೋಧಕರೇ ಆಗಬೇಕಿಲ್ಲ. ನಾಲ್ಕಾರು ಪದ ಗೊತ್ತಿದ್ದು, ಒಂದು ಟೇಪು ಕೈಯಲ್ಲಿದ್ದರೆ ಬೇಕಾದಷ್ಟಾಯಿತು. ಟೇಪಿನ ಮಾತು ಆಮೇಲೆ.

ಕುರ್ಚಿಯಲ್ಲಿ ಯಾರು, ಸಹಿ ಯಾರದು?

ಬೆಂಗಳೂರು, ಹುಬ್ಬಳ್ಳಿ–ಧಾರವಾಡದಂಥ ಪಾಲಿಕೆಗಳನ್ನು ಬಿಟ್ಟರೆ ರಾಜ್ಯದ ಉಳಿದ ನಗರ–ಪಟ್ಟಣಗಳು ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ. ಜನಸಂಖ್ಯೆ ಹತ್ತರಿಂದ ಇಪ್ಪತ್ತು ಸಾವಿರವಿದ್ದರೆ ಪಟ್ಟಣ ಪಂಚಾಯಿತಿ, ಐವತ್ತು ಸಾವಿರದವರೆಗೆ ಪುರಸಭೆ, ಅಲ್ಲಿಂದ ಮೂರು ಲಕ್ಷದವರೆಗೆ ನಗರಸಭೆ. ಪುರಸಭೆಯಲ್ಲಿ ಸಾಮಾನ್ಯವಾಗಿ 23 ಅಥವಾ 27 ವಾರ್ಡು, ನಗರಸಭೆಯಲ್ಲಿ 31 ಅಥವಾ 35. ಶಾಸಕರು, ಸಂಸದರೂ ಸದಸ್ಯರೇ, ಅವರಿಗೆ ಮತವಿದೆ. ಸರ್ಕಾರ ನಾಮನಿರ್ದೇಶನ ಮಾಡಿದವರು ಸಭೆಯಲ್ಲಿ ಮಾತಾಡಬಹುದು, ಕೈ ಎತ್ತುವಂತಿಲ್ಲ.

ನಡುವಿನ ದೊಡ್ಡ ಕುರ್ಚಿ ಅಧ್ಯಕ್ಷರದು. ಆದರೆ ಚೆಕ್ಕಿನ ದಾರಿ ಹೋಗುವುದು ಪಕ್ಕದ ಕುರ್ಚಿಯ ಮೂಲಕ. ಪುರಸಭೆಯಲ್ಲಿ ಅವರನ್ನು ಮುಖ್ಯಾಧಿಕಾರಿ ಎನ್ನುತ್ತಾರೆ, ನಗರಸಭೆಯಲ್ಲಿ ಪೌರಾಯುಕ್ತರು. ಅಧ್ಯಕ್ಷರು ಎರಡೂವರೆ ವರ್ಷಕ್ಕೆ ಬದಲಾಗುತ್ತಾರೆ, ಮುಖ್ಯಾಧಿಕಾರಿ ಅದಕ್ಕೂ ಮೊದಲೇ ಬದಲಾಗಬಹುದು. ಬದಲಾಗದೆ ಉಳಿಯುವವರು ಕೇಸ್ ವರ್ಕರ್, ಬಿಲ್ ಕಲೆಕ್ಟರ್ ಮತ್ತು ಯಾವ ಬೀದಿಯ ವಾಲ್ವು ಎಲ್ಲಿ ಹುಗಿದಿದೆ ಎಂದು ಬಲ್ಲ ವಾಲ್ವ್‌ಮನ್. ಊರು ನಡೆಯುವುದು ಅರ್ಧ ಕಾಯ್ದೆಯಿಂದ, ಇನ್ನರ್ಧ ಇವರ ನೆನಪಿನಿಂದ.

ಚುನಾಯಿತರೇ ಇಲ್ಲದೆಯೂ ಆಡಳಿತ ನಡೆದ ಉದಾಹರಣೆ ಬೇಕಾದಷ್ಟಿವೆ. 2018ರ ಆಗಸ್ಟಿನಲ್ಲಿ ಮತದಾನವಾದ ಎಷ್ಟೋ ಊರುಗಳಲ್ಲಿ ಮೀಸಲಾತಿ ವ್ಯಾಜ್ಯ ಕೋರ್ಟಿಗೆ ಹೋಗಿ, ಅಧ್ಯಕ್ಷ–ಉಪಾಧ್ಯಕ್ಷರ ಆಯ್ಕೆ ನಡೆದದ್ದು 2020ರಲ್ಲಿ. ಗೆದ್ದವರು ಮನೆಯಲ್ಲಿದ್ದರು, ಕಡತಕ್ಕೆ ಆಡಳಿತಾಧಿಕಾರಿ ಸಹಿ ಹಾಕುತ್ತಿದ್ದರು. ಕಸ ಎಂದಿನಂತೆ ಎತ್ತಲ್ಪಡುತ್ತಿತ್ತು, ಎಂದಿನಂತೆ ಉಳಿಯುತ್ತಲೂ ಇತ್ತು. ಸಭೆ ಒಪ್ಪಿದ ನಿರ್ಣಯವೇ ಕೊನೆಯ ಮಾತೂ ಅಲ್ಲ, ಅದನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ದೊಡ್ಡ ಕ್ರಿಯಾಯೋಜನೆಗಳು ಅನುಮೋದನೆಗೆ ಹೋಗುವುದೂ ಅಲ್ಲಿಗೇ.

‘ಉಳಿತಾಯ ಬಜೆಟ್’ ಎಂಬ ಮಾಯೆ

ಫೆಬ್ರುವರಿ–ಮಾರ್ಚಿನಲ್ಲಿ ಪತ್ರಿಕೆಗಳ ಜಿಲ್ಲಾ ಪುಟ ತೆರೆದರೆ ಸಾಲುಸಾಲು ಶೀರ್ಷಿಕೆ: ‘ಪುರಸಭೆ: 20 ಲಕ್ಷ ಉಳಿತಾಯ ಬಜೆಟ್’. ಇಂಥ ಶೀರ್ಷಿಕೆಗಳನ್ನು ನಾನೂ ಬರೆದವನೇ. ಅವುಗಳಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಪುರಸಭೆಯ ಆಯವ್ಯಯದಲ್ಲಿ ಹಣ ನಾಲ್ಕು ಹೆಸರಿನಲ್ಲಿ ಒಳಬರುತ್ತದೆ: ಪ್ರಾರಂಭಿಕ ಶಿಲ್ಕು, ರಾಜಸ್ವ, ಬಂಡವಾಳ, ಅಸಾಧಾರಣ. ಲೆಕ್ಕ ಸುಲಭವಾಗಲೆಂದು ನಾನೇ ಅಂಕಿ ಹಾಕಿಕೊಂಡು ಒಂದು ಊರನ್ನು ಕಟ್ಟುತ್ತೇನೆ. ಶಿಲ್ಕು 6 ಕೋಟಿ, ರಾಜಸ್ವ 9 ಕೋಟಿ, ಬಂಡವಾಳ 8 ಕೋಟಿ, ಅಸಾಧಾರಣ 3 ಕೋಟಿ. ಒಟ್ಟು 26 ಕೋಟಿ. ಖರ್ಚು 25 ಕೋಟಿ 80 ಲಕ್ಷ. ಉಳಿದದ್ದು 20 ಲಕ್ಷ. ಮೇಜು ಕುಟ್ಟಿ ಸ್ವಾಗತ.

ಈಗ ಗಂಟು ಬಿಚ್ಚೋಣ. ಅಸಾಧಾರಣ ಎಂಬ 3 ಕೋಟಿ ಪುರಸಭೆಯದೇ ಅಲ್ಲ. ಅದು ಗುತ್ತಿಗೆದಾರರ ಠೇವಣಿ, ಬಿಲ್ಲಿನಲ್ಲಿ ಮುರಿದುಕೊಂಡ ತೆರಿಗೆ, ಬೇರೆ ಇಲಾಖೆಗೆ ಕಟ್ಟಬೇಕಾದ ಕರ. ಒಂದು ಕೈಯಲ್ಲಿ ಬಂದು ಇನ್ನೊಂದು ಕೈಯಲ್ಲಿ ಹೋಗುವ ಹಣ ಅದು. ಬಂಡವಾಳದ 8 ಕೋಟಿ ಸರ್ಕಾರದ ಅನುದಾನ, ಬಂದರೆ ಬಂತು. ಶಿಲ್ಕಿನ 6 ಕೋಟಿ ಹಿಂದಿನ ವರ್ಷಗಳ ಅನುದಾನದಲ್ಲಿ ಖರ್ಚಾಗದೆ ಉಳಿದದ್ದು. ಕೆರೆ ಏರಿಗೆಂದು ಬಂದದ್ದನ್ನು ಬೀದಿದೀಪಕ್ಕೆ ಹಾಕುವಂತಿಲ್ಲ. ಉಳಿದ 9 ಕೋಟಿ ರಾಜಸ್ವದಲ್ಲಿ ಐದು ಕೋಟಿ ಸಂಬಳಕ್ಕೂ ಕರೆಂಟಿಗೂ ಎಂದು ರಾಜ್ಯವೇ ಕೊಡುವಂಥದ್ದು. ಹಾಗಾದರೆ ಊರು ತಾನೇ ದುಡಿದದ್ದು? ನಾಲ್ಕು ಕೋಟಿ. ಶೀರ್ಷಿಕೆಯ 26 ಕೋಟಿಯಲ್ಲಿ ನಾಲ್ಕು!

ಆದ್ದರಿಂದ ಬಜೆಟ್ ಪುಸ್ತಕ ಕೈಗೆ ಸಿಕ್ಕರೆ ಕೊನೆಯ ಪುಟದ ಉಳಿತಾಯ ನೋಡಬೇಡಿ. ಒಳಗೆ ಮೂರು ಅಂಕಣ ಇರುತ್ತವೆ: ಹಿಂದಿನ ಸಾಲಿನ ವಾಸ್ತವ, ಪ್ರಸಕ್ತ ಸಾಲಿನ ಪರಿಷ್ಕೃತ, ಮುಂದಿನ ಸಾಲಿನ ಅಂದಾಜು. ಮೊದಲನೆಯ ಮತ್ತು ಮೂರನೆಯ ಅಂಕಣದ ಮೇಲೆ ಒಂದೊಂದು ಬೆರಳಿಟ್ಟುಕೊಂಡು ಕೆಳಗಿಳಿಯಿರಿ. ಮಳಿಗೆ ಬಾಡಿಗೆ ವಾಸ್ತವದಲ್ಲಿ 31 ಲಕ್ಷ ಬಂದಿದೆ, ಬರುವ ವರ್ಷಕ್ಕೆ 80 ಲಕ್ಷ ಎಂದು ಅಂದಾಜಿದೆ ಎನ್ನಿ. ಆ 49 ಲಕ್ಷ ಎಲ್ಲಿಂದ ಬರುತ್ತದೆ? ಹೊಸ ಹರಾಜೇ, ಹಳೆ ಬಾಕಿ ವಸೂಲಿಯೇ, ಇಲ್ಲ ಖರ್ಚಿನ ಜೊತೆ ಹೊಂದಿಸಲು ಹಾಕಿದ ಅಂಕಿಯೇ? ಬಹಳ ಸಲ ಮೂರನೆಯದೇ.

ಬಜೆಟ್ಟಿಗೆ ಮೊದಲು ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ನಡೆಸುತ್ತಾರೆ. ಹೋದವರೆಲ್ಲ ತಮ್ಮ ಬೀದಿಯ ಚರಂಡಿ ಕೇಳುತ್ತಾರೆ, ತಪ್ಪೇನಿಲ್ಲ. ಆದರೆ ಅಲ್ಲಿ ಒಬ್ಬರಾದರೂ ಮೊದಲ ಅಂಕಣದ ಬಗ್ಗೆ ಕೇಳಿದರೆ ಲೆಕ್ಕಾಧೀಕ್ಷಕರು ತಲೆಯೆತ್ತಿ ನೋಡುತ್ತಾರೆ.

ಸುಂಕದ ಕಟ್ಟೆಯಿಂದ ತೆರಿಗೆ ಚಲನ್‌ವರೆಗೆ

ಒಂದು ಕಾಲಕ್ಕೆ ಊರಿನ ಆದಾಯ ಎಂದರೆ ಆಕ್ಟ್ರಾಯ್. ಊರ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ಮೂಟೆ ಎಣಿಸಿ, ಸುಂಕ ವಸೂಲು ಮಾಡುತ್ತಿದ್ದರು. 1979ರಲ್ಲಿ ಕರ್ನಾಟಕ ಅದನ್ನು ರದ್ದು ಮಾಡಿತು. ವ್ಯಾಪಾರಿಗಳಿಗೆ ನೆಮ್ಮದಿಯಾಯಿತು, ಊರುಗಳು ಅನುದಾನಕ್ಕಾಗಿ ಬೆಂಗಳೂರಿನ ಕಡೆ ನೋಡತೊಡಗಿದವು. ಜಿಎಸ್‌ಟಿ ಬಂದಾಗ ಜಾಹೀರಾತು ತೆರಿಗೆಯೂ ಕೈಬಿಟ್ಟಿತು. ಇಂದು ಕೈಯಲ್ಲಿ ಉಳಿದ ದೊಡ್ಡ ಅಸ್ತ್ರ ಆಸ್ತಿ ತೆರಿಗೆ. ಅದರ ಬೆನ್ನಿಗೆ ನೀರಿನ ಶುಲ್ಕ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ, ಸಂತೆಯ ನೆಲಬಾಡಿಗೆ.

ನಿಮ್ಮ ತೆರಿಗೆ ಚಲನ್ ಒಮ್ಮೆ ಕೈಗೆತ್ತಿಕೊಳ್ಳಿ. ಬಂಡವಾಳ ಮೌಲ್ಯದ ಮೇಲೆ ನೀವೇ ಘೋಷಿಸಿಕೊಂಡ ತೆರಿಗೆ 2,000 ರೂಪಾಯಿ ಎಂದಿರಲಿ. ಅದರ ಕೆಳಗೆ ಮೂರು ಸಣ್ಣ ಸಾಲು: ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಒಟ್ಟು ಶೇ 24, ಅಂದರೆ 480 ರೂಪಾಯಿ. ಈ 480 ಊರಿನದಲ್ಲ. ಪುರಸಭೆ ಇಲ್ಲಿ ಬರೀ ವಸೂಲಿದಾರ. ಗ್ರಂಥಾಲಯ ಕರ ಗ್ರಂಥಾಲಯಕ್ಕೆ ಸಂದಾಯವಾಗಬೇಕು. ಕೈಯಲ್ಲಿ ಕಾಸಿಲ್ಲದ ತಿಂಗಳಲ್ಲಿ ಆ ಹಣವೂ ಡೀಸೆಲ್ಲಿಗೋ ಮೋಟಾರಿಗೋ ಖರ್ಚಾಗಿ, ‘ಪಾವತಿಸಬೇಕಾದ ಕರ ಬಾಕಿ’ ಎಂಬ ಸಾಲು ವರ್ಷದಿಂದ ವರ್ಷಕ್ಕೆ ಉಬ್ಬುತ್ತದೆ. ನಿಮ್ಮೂರ ಓದುವ ಕೋಣೆಗೆ ಪತ್ರಿಕೆ ಕಡಿಮೆ ಬರುತ್ತಿದ್ದರೆ ಒಂದು ಕಾರಣ ಅಲ್ಲಿಯೂ ಇರಬಹುದು.

ಏಪ್ರಿಲ್ 30ರೊಳಗೆ ಕಟ್ಟಿದರೆ ತೆರಿಗೆಯ ಮೇಲೆ ಶೇ 5 ರಿಯಾಯಿತಿ, 100 ರೂಪಾಯಿ ಉಳಿತಾಯ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ 2 ದಂಡ. ಡಿಸೆಂಬರಿನಲ್ಲಿ ಎಚ್ಚೆತ್ತರೆ ಆರು ತಿಂಗಳಿಗೆ ಶೇ 12, ಅಂದರೆ 240 ರೂಪಾಯಿ. ಬ್ಯಾಂಕಿನ ಯಾವ ಠೇವಣಿಯೂ ಆ ದರದಲ್ಲಿ ಬಡ್ಡಿ ಕೊಡುವುದಿಲ್ಲ. ತೆರಿಗೆ ತಡಮಾಡಿ ಗೆದ್ದವರಿಲ್ಲ. ರಿಯಾಯಿತಿ ಅವಧಿಯನ್ನು ಸರ್ಕಾರ ಕೆಲವು ವರ್ಷ ವಿಸ್ತರಿಸಿದ್ದುಂಟು, ಅದನ್ನು ನಂಬಿ ಕೂರಬೇಡಿ.

ಊರು ಎಷ್ಟು ಚೆನ್ನಾಗಿ ವಸೂಲು ಮಾಡುತ್ತಿದೆ ಎಂದು ತಿಳಿಯಲು ಕಚೇರಿಯವರು ‘ಡಿಸಿಬಿ’ ಎನ್ನುವ ಪಟ್ಟಿ ಇದೆ. ಬೇಡಿಕೆ, ವಸೂಲಿ, ಬಾಕಿ, ಮೂರೇ ಅಂಕಣ. ಇದನ್ನು ಆಸ್ತಿ ತೆರಿಗೆಗೆ ಒಂದು, ನೀರಿಗೆ ಒಂದು, ಮಳಿಗೆಗೆ ಒಂದು ಎಂದು ಬೇರೆ ಬೇರೆಯಾಗಿ ಕೇಳಬೇಕು. ನೀರಿನ ಪಟ್ಟಿ ಎಲ್ಲ ಕಡೆ ದುಃಖದ ಕಥೆ: ಪಂಪ್‌ಹೌಸಿನ ಕರೆಂಟಿನ ಬಿಲ್ಲಿಗೂ ಸಾಲದಷ್ಟು ಶುಲ್ಕ, ಅದರಲ್ಲೂ ಅರ್ಧಂಬರ್ಧ ವಸೂಲಿ. ದರ ಏರಿಸುವ ವಿಷಯ ಸಭೆಗೆ ಬಂದರೆ ಪಕ್ಷಭೇದ ಮರೆತು ಎಲ್ಲರೂ ‘ಮುಂದೂಡಲಾಯಿತು’. ಮಳಿಗೆಯ ಪಟ್ಟಿ ಮಾತ್ರ ಕುತೂಹಲದ್ದು. ಬಸ್ ನಿಲ್ದಾಣದ ಎದುರಿನ ಮಳಿಗೆಯ ಬಾಡಿಗೆ ಪುರಸಭೆಗೆ ಬರುವುದು ಒಂದು ಮೊತ್ತ, ಒಳಬಾಡಿಗೆಗೆ ಕೂತವರು ಮೂಲ ಬಾಡಿಗೆದಾರರಿಗೆ ಕೊಡುವುದು ಅದರ ಎಷ್ಟೋ ಪಟ್ಟು. ಕರಾರಿನ ಅವಧಿ ಮುಗಿದು ಮರುಹರಾಜು ಆಗಬೇಕಾದ ದಿನ ಕೋರ್ಟಿನ ತಡೆಯಾಜ್ಞೆ ಬರುತ್ತದೆ. ಒಳಬಾಡಿಗೆಯ ವಿಷಯದಲ್ಲಿ ಸಭೆ ಮೌನವಾಗಿದ್ದರೆ ಮಳಿಗೆಗಳ ಮೂಲ ಪಟ್ಟಿಯಲ್ಲಿ ಯಾರ ಯಾರ ಹೆಸರಿದೆ ಎಂದು ನೋಡಿದರೆ ಸಾಕು.

ಬೆಂಗಳೂರಿನಿಂದ, ದೆಹಲಿಯಿಂದ ಬರುವ ಹಣ

ರಾಜ್ಯ ಹಣಕಾಸು ಆಯೋಗದ ಹೆಸರಿನಲ್ಲಿ ಬರುವುದನ್ನು ಕಚೇರಿಯಲ್ಲಿ ‘ಎಸ್‌ಎಫ್‌ಸಿ’ ಎಂದೇ ಕರೆಯುವುದು. ಅದರಲ್ಲಿ ವೇತನ, ವಿದ್ಯುತ್, ಮುಕ್ತನಿಧಿ ಎಂದು ಬೇರೆ ಬೇರೆ. ಮೊದಲೆರಡು ಬಂದ ಹಾಗೆಯೇ ಹೋಗುತ್ತವೆ. ಸದಸ್ಯರು ಕಾಯುವುದು ಮುಕ್ತನಿಧಿಗೆ. ‘ವಾರ್ಡಿಗೆ ಎಷ್ಟು’ ಎಂಬ ಪಂಚಾಯಿತಿ ನಡೆಯುವುದೂ ಅದರ ಮೇಲೆ.

ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನಕ್ಕೆ 2021ರಿಂದ 2026ರ ಅವಧಿಯಲ್ಲಿ ಬಿಗಿ ಕಟ್ಟು ಹಾಕಿದ್ದರು. ಸಣ್ಣ ನಗರಗಳಿಗೆ ಬಂದ ಹಣದಲ್ಲಿ ಶೇ 40 ಮಾತ್ರ ಅನಿರ್ಬಂಧಿತ, ಅದರಲ್ಲೂ ಸಂಬಳ ಕೊಡುವಂತಿಲ್ಲ. ಉಳಿದ ಶೇ 60ರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲಿನಂಥವಕ್ಕೆ, ಅರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ. ಲೆಕ್ಕಪತ್ರವನ್ನು ಆನ್‌ಲೈನಿನಲ್ಲಿ ಪ್ರಕಟಿಸದ ಊರಿಗೆ ಹಣವಿಲ್ಲ ಎಂಬ ಷರತ್ತೂ ಇತ್ತು. ನಾಗರಿಕರಿಗೆ ಇದರಿಂದ ಆದ ಉಪಕಾರ ದೊಡ್ಡದು. ಮೊದಲು ಕಪಾಟಿನಲ್ಲಿದ್ದ ಲೆಕ್ಕ ಈಗ ಫೋನಿನಲ್ಲೇ ಸಿಗುವಂತಾಯಿತು.

ಇದಲ್ಲದೆ ಮೂರು ಮೀಸಲು ತಲೆಬರಹಗಳಿವೆ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ 24.10, ಇತರ ಬಡ ವರ್ಗಕ್ಕೆ ಶೇ 7.25, ಅಂಗವಿಕಲರಿಗೆ ಶೇ 5. ಕಚೇರಿಯಲ್ಲಿ ಇವಕ್ಕೆ ಬೇರೆ ಹೆಸರೇ ಇಲ್ಲ, ‘24.10ರ ಫೈಲ್ ತಗೊಂಬಾ’ ಎಂದರೆ ಆಯಿತು. ವಿದ್ಯಾರ್ಥಿಗಳ ಸಹಾಯಧನ, ಅಡುಗೆ ಅನಿಲ ಸಂಪರ್ಕ, ತ್ರಿಚಕ್ರ ವಾಹನ, ಶೌಚಾಲಯ ಎಲ್ಲ ಇದರಲ್ಲಿ ಬರುತ್ತವೆ. ಅರ್ಜಿ ಕರೆದ ಪ್ರಕಟಣೆ ಸೂಚನಾ ಫಲಕದಲ್ಲಿ ಕೆಲವೇ ದಿನ ಇರುತ್ತದೆ. ಅರ್ಹರ ಮನೆಗೆ ಸುದ್ದಿ ತಲುಪುವ ಹೊತ್ತಿಗೆ ಕೊನೆಯ ದಿನಾಂಕ ದಾಟಿರುತ್ತದೆ. ಆಮೇಲೆ ‘ಫಲಾನುಭವಿಗಳು ಬಾರದ ಕಾರಣ ಹಣ ಉಳಿಕೆ’ ಎಂದು ಬರೆದಿರುವುದನ್ನು ನಾನು ಓದಿದ್ದೇನೆ. ಓದಿ ಸಿಟ್ಟೂ ಬಂದಿದೆ.

ಒಂದು ಚರಂಡಿಯ ಕಡತ

ಖರ್ಚಿನ ಕಡೆಯನ್ನು ತಿಳಿಯಲು ಇಡೀ ಪುಸ್ತಕ ಬೇಡ, ಒಂದು ಚರಂಡಿಯ ಕಡತ ಸಾಕು. ಮೊದಲು ಕಿರಿಯ ಎಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ. ಆಮೇಲೆ ತಾಂತ್ರಿಕ ಮಂಜೂರಾತಿ, ಕ್ರಿಯಾಯೋಜನೆಗೆ ಅನುಮೋದನೆ, ಟೆಂಡರ್. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ ಕಾಯ್ದೆ ರಾಜ್ಯಕ್ಕೆ ಬಂದದ್ದು 1999ರಲ್ಲಿ. ಅದಕ್ಕೂ ದಾರಿ ಕಂಡುಕೊಂಡವರಿದ್ದಾರೆ. ಒಂದೇ ರಸ್ತೆಯ ಚರಂಡಿಯನ್ನು ‘ಇಂಥವರ ಮನೆಯಿಂದ ಇಂಥವರ ಮನೆವರೆಗೆ’ ಎಂದು ಐದು ತುಂಡು ಮಾಡಿದರೆ ಪ್ರತಿ ತುಂಡೂ ಸಣ್ಣ ಮೊತ್ತದ ಮಿತಿಯೊಳಗೆ ಕೂರುತ್ತದೆ. ವಿಷಯ ಪಟ್ಟಿಯಲ್ಲಿ ಒಂದೇ ಬೀದಿಯ ಹೆಸರು ಸಾಲಾಗಿ ಐದು ಸಲ ಕಂಡರೆ ಅಲ್ಲಿ ನಿಲ್ಲಿ.

ಕೆಲಸ ಮುಗಿದ ಮೇಲೆ ಅಳತೆ ಪುಸ್ತಕ. ಎಲ್ಲರೂ ಎಂ.ಬಿ. ಎನ್ನುವುದು ಇದನ್ನೇ. ನಾನು ಹೇಳಿದ ಟೇಪು ಇಲ್ಲಿ ಬೇಕು. ನಮ್ಮ ಹಿಂದಿನ ಬೀದಿಯ ಚರಂಡಿಯ ಎಂ.ಬಿ. ಪುಟವನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿದ್ದೆ. ಉದ್ದ 62 ಮೀಟರ್, ಗೋಡೆಯ ದಪ್ಪ 15 ಸೆಂಟಿಮೀಟರ್ ಎಂದಿತ್ತು. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಟೇಪಿನ ಒಂದು ತುದಿ ಹಿಡಿದ, ನಾನು ಇನ್ನೊಂದು. ಉದ್ದ ಸರಿಯಾಗಿಯೇ ಇತ್ತು, ಅರ್ಧ ಮೀಟರ್ ಹೆಚ್ಚೇ. ದಪ್ಪ ಮಾತ್ರ ಹತ್ತು ಸೆಂಟಿಮೀಟರ್ ದಾಟಲಿಲ್ಲ. ಉದ್ದವನ್ನು ಯಾರು ಬೇಕಾದರೂ ನಡೆದು ಅಳೆಯಬಹುದು, ದಪ್ಪಕ್ಕೆ ಬಗ್ಗಬೇಕು. ಕದಿಯುವವರಿಗೆ ಅದು ಗೊತ್ತಿದೆ.

ಬಿಲ್ಲಿನಲ್ಲಿ ಮುರಿದುಕೊಳ್ಳುವ ಸಾಲುಗಳನ್ನೂ ನೋಡಿ. ಆದಾಯ ತೆರಿಗೆ, ಜಿಎಸ್‌ಟಿ, ಕಟ್ಟಡ ಕಾರ್ಮಿಕರ ಕಲ್ಯಾಣ ಕರ ಶೇ 1, ಮರಳು–ಜಲ್ಲಿಯ ರಾಜಧನ, ಭದ್ರತಾ ಠೇವಣಿ. ಠೇವಣಿ ಇರುವುದು ನಿರ್ವಹಣಾ ಅವಧಿಯಲ್ಲಿ ಕೆಲಸ ಕಿತ್ತುಹೋದರೆ ಗುತ್ತಿಗೆದಾರರ ಖರ್ಚಿನಲ್ಲೇ ಸರಿಪಡಿಸಲೆಂದು. ಮೊದಲ ಮಳೆಗೇ ಚರಂಡಿ ಕುಸಿದರೆ ಹೊಸ ಕಾಮಗಾರಿ ಕೇಳಬೇಡಿ, ಹಳೆಯ ಠೇವಣಿ ಹಿಂದಿರುಗಿಸಿದ್ದಾರೆಯೇ ಎಂದು ಕೇಳಿ.

ಘಟನೋತ್ತರ

ವಿಷಯ ಪಟ್ಟಿಯ ಕೊನೆಯ ಭಾಗದಲ್ಲಿ ಒಂದು ವಿಚಿತ್ರ ಪದ ಬರುತ್ತದೆ: ‘ಘಟನೋತ್ತರ ಮಂಜೂರಾತಿ ನೀಡುವ ಬಗ್ಗೆ’. ಖರ್ಚು ಆಗಿಹೋಗಿದೆ, ಈಗ ಒಪ್ಪಿಗೆ ಕೊಡಿ ಎಂದರ್ಥ. ಇದನ್ನು ಕಂಡ ಕೂಡಲೇ ಕಳ್ಳತನ ಎನ್ನುವುದು ಅನ್ಯಾಯ. ಏಪ್ರಿಲ್ ತಿಂಗಳಲ್ಲಿ ಕೊಳವೆಬಾವಿಯ ಮೋಟಾರು ಸುಟ್ಟರೆ ಟೆಂಡರ್ ಕರೆದು ಸಭೆ ಸೇರಿ ರಿವೈಂಡಿಂಗ್ ಮಾಡಿಸುವಷ್ಟರಲ್ಲಿ ಹೆಂಗಸರು ಖಾಲಿ ಕೊಡ ಹಿಡಿದು ಕಚೇರಿಗೆ ಬಂದಿರುತ್ತಾರೆ. ಅಂಥ ಹೊತ್ತಿಗೆ ಮೊದಲು ರಿಪೇರಿ, ಆಮೇಲೆ ಕಾಗದ. ಅದು ಸರಿಯೇ.

ಸಂಶಯ ಬರಬೇಕಾದದ್ದು ಪುನರಾವರ್ತನೆಯಲ್ಲಿ. ಒಂದೇ ಮೋಟಾರು ವರ್ಷಕ್ಕೆ ಏಳು ಸಲ ಸುಟ್ಟರೆ? ಜಾತ್ರೆ ಪ್ರತಿ ವರ್ಷ ಅದೇ ಹುಣ್ಣಿಮೆಗೆ ಬರುತ್ತದೆ. ಅದರ ಶಾಮಿಯಾನ, ಬ್ಲೀಚಿಂಗ್ ಪೌಡರ್, ಟ್ಯಾಂಕರ್ ನೀರು ಹೇಗೆ ತುರ್ತು ಖರ್ಚಾಗುತ್ತದೆ? ವರ್ಷದ ಹನ್ನೆರಡು ಜಮಾ–ಖರ್ಚು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಘಟನೋತ್ತರಗಳಿಗಷ್ಟೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಒಂದೇ ಅಂಗಡಿಯ ಹೆಸರು ಎಷ್ಟು ಸಲ ಬಂತು ಎಂದು ಎಣಿಸಿ. ಈ ಎಣಿಕೆಗೆ ಅರ್ಧ ದಿನ ಸಾಕು.

ಇದೇ ಕೆಲಸವನ್ನು ಸರ್ಕಾರದ ಪರವಾಗಿ ರಾಜ್ಯ ಲೆಕ್ಕಪರಿಶೋಧನಾ ಇಲಾಖೆಯವರು ಮಾಡುತ್ತಾರೆ. 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಬಂದ ಮೇಲೆ ಊರುಗಳು ಹಳೆಯ ನಗದು ಪುಸ್ತಕದಿಂದ ಜೋಡಿ ನಮೂದಿನ ಪದ್ಧತಿಗೆ ಹೊರಳಿದವು. ಕೊಡಬೇಕಾದದ್ದು, ಬರಬೇಕಾದದ್ದು ಎಲ್ಲ ಅಢಾವೆ ಪತ್ರಿಕೆಯಲ್ಲಿ ಕಾಣುತ್ತದೆ. ಪರಿಶೋಧಕರ ವರದಿ ಒಣ ಕನ್ನಡದಲ್ಲಿದ್ದರೂ ಪತ್ತೇದಾರಿ ಕಾದಂಬರಿಗಿಂತ ರುಚಿ. ‘ಓಚರ್ ಹಾಜರುಪಡಿಸಿಲ್ಲ’, ‘ದಾಸ್ತಾನು ವಹಿಯಲ್ಲಿ ನಮೂದಿಲ್ಲ’, ‘ಸಂಬಂಧಪಟ್ಟವರಿಂದ ವಸೂಲಿಗೆ ಸೂಚಿಸಿದೆ’. ಪ್ರತಿ ಕಂಡಿಕೆಗೂ ಕಚೇರಿ ಉತ್ತರ ಕೊಟ್ಟು ತೀರುವಳಿ ಪಡೆಯಬೇಕು. ಅಷ್ಟರಲ್ಲಿ ಆ ಮುಖ್ಯಾಧಿಕಾರಿ ಬೇರೆ ಊರಿಗೆ, ಆ ಎಂಜಿನಿಯರ್ ನಿವೃತ್ತಿಗೆ. ಕಂಡಿಕೆ ಮಾತ್ರ ಊರಲ್ಲೇ ಉಳಿಯುತ್ತದೆ.

ಕೇಳುವ ಬಗೆ

ಖಾತೆ ಬದಲಾವಣೆ, ಜನನ–ಮರಣ ಪತ್ರ, ಉದ್ದಿಮೆ ಪರವಾನಗಿಗೆ ಸಕಾಲ ಇದೆ. ಅರ್ಜಿ ಕೊಟ್ಟಾಗ ಸಿಗುವ ಸಂಖ್ಯೆಯನ್ನು ಜೋಪಾನವಾಗಿಡಿ. ಲೆಕ್ಕ ಕೇಳಲು ಮಾಹಿತಿ ಹಕ್ಕಿನ ಅರ್ಜಿ: ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಅರ್ಜಿ ಬರೆಯುವಲ್ಲಿ ಬಹಳ ಜನ ಎಡವುತ್ತಾರೆ. ‘ಕಳೆದ ಐದು ವರ್ಷದ ಎಲ್ಲ ಭ್ರಷ್ಟಾಚಾರದ ವಿವರ ಕೊಡಿ’ ಎಂದರೆ ಉತ್ತರ ಬರುವುದಿಲ್ಲ, ಬಂದರೂ ನಾಲ್ಕು ಸಾವಿರ ಪುಟದ ಜೆರಾಕ್ಸ್ ಖರ್ಚು ಕಟ್ಟಿ ಎಂದು ಬರುತ್ತದೆ. ಇಂಥ ತಿಂಗಳ ಜಮಾ–ಖರ್ಚು ಪಟ್ಟಿ, ಇಂಥ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಎಂ.ಬಿ. ಪುಟ, ಇಂಥ ದಿನದ ಸಭಾ ನಡವಳಿ ಎಂದು ಬೆರಳಿಟ್ಟು ಕೇಳಬೇಕು. ಕಾರಣ ಬರೆಯಬೇಕಿಲ್ಲ. ‘ಏಕೆ ಮಾಡಿದಿರಿ’ ಎಂದು ಕೇಳಬಾರದು. ಕಡತದಲ್ಲಿ ಇರುವುದನ್ನಷ್ಟೇ ಕೊಡುತ್ತಾರೆ.

ನಡವಳಿ ಕೇಳುವಾಗ ಒಂದು ಸೂಕ್ಷ್ಮ ತಿಳಿದಿರಲಿ. ಸಭೆಯಲ್ಲಿ ಕೂಗಾಡಿದ್ದು ಅದರಲ್ಲಿ ಬರುವುದಿಲ್ಲ, ‘ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಒಪ್ಪಲಾಯಿತು’ ಎಂದಷ್ಟೇ ಇರುತ್ತದೆ. ತಾನು ವಿರೋಧಿಸಿದ್ದೆ ಎನ್ನುವ ಸದಸ್ಯರು ಅದನ್ನು ಬರೆಸಿದ್ದಾರೆಯೇ ನೋಡಿ. ಬರೆಸದಿದ್ದರೆ ಕಾಗದದ ಮಟ್ಟಿಗೆ ಅವರೂ ಒಪ್ಪಿದವರೇ. ನಾಯಿ ವಿಷಯಕ್ಕೆ ಬಾವಿಗಿಳಿದಿದ್ದ ಆ ಸದಸ್ಯರ ಹೆಸರನ್ನು ಆ ದಿನದ ನಡವಳಿಯಲ್ಲಿ ಆಮೇಲೆ ಹುಡುಕಿದೆ. ಹಾಜರಾತಿಯಲ್ಲಿ ಸಹಿ ಇತ್ತು, ಬೇರೆಲ್ಲೂ ಹೆಸರಿರಲಿಲ್ಲ. ಜಮಾ–ಖರ್ಚಿನ ಎದುರು ‘ಓದಿ ಅಂಗೀಕರಿಸಲಾಯಿತು’ ಎಂದಿತ್ತು.